ಹಳ್ಳಿಯ ಹೆಸರಿನಲ್ಲಿ ಒಂದು ನಿಷೇಧ: ಸೈನ್ಯ, ಸಲಿಂಗ ಒಲವು ಮತ್ತು ಮಂಡ್ಯ ಸೀಮೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಸೈನ್ಯ ಸೇರುವುದಕ್ಕೆ ‘ಮಿಲ್ಟ್ರಿಗೆ ಹೋಗೋದು’ ಎನ್ನುತ್ತಾರೆ. ಕಬ್ಬು, ಭತ್ತ, ರಾಗಿಯ ಲೆಕ್ಕಾಚಾರ ವರ್ಷವರ್ಷಕ್ಕೂ ಏರುಪೇರಾಗುವ ಮನೆಗೆ ಮಿಲ್ಟ್ರಿ ಎಂದರೆ ತಿಂಗಳ ಸಂಬಳ, ಊರಲ್ಲಿ ಮರ್ಯಾದೆ, ಮುಂದೆ ಪಿಂಚಣಿ. ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡಿ ಮೈ ಹದಮಾಡಿಕೊಳ್ಳುವ ಹುಡುಗರನ್ನು ಊರು ಅಕ್ಕರೆಯಿಂದ ನೋಡುತ್ತದೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದು ಸೇವೆಯ ಅವಧಿ ನಾಲ್ಕು ವರ್ಷಕ್ಕೆ ಇಳಿದ ಮೇಲೂ, ನಾಲ್ವರಲ್ಲಿ ಒಬ್ಬರಿಗಷ್ಟೇ ಮುಂದುವರಿಕೆ ಎಂದು ಗೊತ್ತಿದ್ದರೂ, ಆ ಆಸೆ ಸತ್ತಿಲ್ಲ.

ಎಲ್ಲ ಸಮಾಜಗಳಲ್ಲಿ ಇರುವಂತೆ ಈ ಹುಡುಗರಲ್ಲೂ ಕೆಲವರ ಒಲವು ಗಂಡಸರ ಕಡೆಗಿರುತ್ತದೆ. ಕೆಲವರದು ಗಂಡು ಹೆಣ್ಣು ಇಬ್ಬರ ಕಡೆಗೂ ಇರುತ್ತದೆ. ಈಗ ಹೆಣ್ಣುಮಕ್ಕಳೂ ಜವಾನರಾಗುತ್ತಿದ್ದಾರೆ. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಹೆಣ್ಣನ್ನೇ ಒಲಿಯುವ ಹೆಣ್ಣು ಅಂಥ ತಂಡಗಳಿಗೆ ಬರಲಾರಳು ಎನ್ನಲು ಯಾವ ಕಾರಣವೂ ಇಲ್ಲ. ಇವರ ಬಗ್ಗೆ ಭಾರತೀಯ ಸೇನೆಯ ನೀತಿ ಏನು, ಅದು ಎಲ್ಲಿಂದ ಬಂತು, ನ್ಯಾಯಾಲಯಗಳು ಏನೆಂದವು, ಹೊರಗಿನ ಸೈನ್ಯಗಳು ಏನು ಮಾಡಿದವು, ಇಲ್ಲಿ ಬದಲಾಗಬೇಕಾದ್ದು ಏನು ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಈ ಲೇಖನ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಲಿಂಗ ಸಂಬಂಧಕ್ಕೆ ಸೇನೆ ಹಾಕಿರುವ ನಿಷೇಧದ ಕಾನೂನಿನ ಬುಡ 2018ರಲ್ಲೇ ಅಲುಗಾಡಿತು. ಈಗ ಅದು ನಿಂತಿರುವುದು ಬಹುಮಟ್ಟಿಗೆ ‘ನಮ್ಮ ಜವಾನರು ಹಳ್ಳಿಯಿಂದ ಬಂದವರು, ಒಪ್ಪುವುದಿಲ್ಲ’ ಎಂಬ ಮಾತಿನ ಮೇಲೆ. ನಮ್ಮ ಹಳ್ಳಿಗಳ ಹೆಸರನ್ನು ಈ ಕೆಲಸಕ್ಕೆ ಬಳಸಿಕೊಳ್ಳಲು ನಾವು ಬಿಡಬಾರದು.

ಕಾಯ್ದೆಯಲ್ಲಿ ಇರುವುದೇನು

1950ರ ಸೇನಾ ಕಾಯ್ದೆಯಲ್ಲಿ ಸಲಿಂಗ ಪ್ರೇಮ ಅಪರಾಧ ಎಂದು ಎಲ್ಲೂ ಬರೆದಿಲ್ಲ. ಸಲಿಂಗಿಗಳು ಸೈನ್ಯ ಸೇರುವಂತಿಲ್ಲ ಎಂದೂ ಇಲ್ಲ. ಇರುವುದು 46ನೇ ಕಲಮು: ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ ಬಗೆಯ ನಾಚಿಕೆಗೇಡಿನ ನಡತೆಗೆ ಏಳು ವರ್ಷದವರೆಗೆ ಜೈಲು. ಅದರ ಹಿಂದಿನ 45ನೇ ಕಲಮು ಅಧಿಕಾರಿಗಳಿಗೆ ಸಂಬಂಧಿಸಿದ್ದು. ಸ್ಥಾನಕ್ಕೆ ತಕ್ಕುದಲ್ಲದ ನಡತೆಗೆ ಸೇವೆಯಿಂದ ವಜಾ ಮಾಡಲು ಅವಕಾಶ ಕೊಡುತ್ತದೆ. 63ನೇ ಕಲಮು ಶಿಸ್ತಿಗೆ ಭಂಗ ತರುವ ಯಾವುದೇ ಕೃತ್ಯವನ್ನೂ ಹಿಡಿಯಬಲ್ಲಷ್ಟು ಅಗಲ. ವಾಯುಪಡೆಯ 1950ರ ಕಾಯ್ದೆಯಲ್ಲೂ 45 ಮತ್ತು 46ನೇ ಕಲಮುಗಳು ಹೆಚ್ಚುಕಡಿಮೆ ಇದೇ ಮಾತಿನಲ್ಲಿವೆ. ಇದರ ಜೊತೆಗೆ ಸೇನಾ ಕಾಯ್ದೆಯ 69ನೇ ಕಲಮಿನ ಮೂಲಕ ನಾಗರಿಕ ಅಪರಾಧಗಳನ್ನು ಕೋರ್ಟ್ ಮಾರ್ಷಲ್ ಮುಂದೆ ತರಬಹುದು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ಬಹುಕಾಲ ಬ್ಯಾರಕ್ಕಿಗೆ ಬರಲು ಇದೇ ದಾರಿಯಿತ್ತು.

ಒಟ್ಟಿನಲ್ಲಿ, ಏನು ಅಪರಾಧ ಎಂಬುದನ್ನು ಕಾಯ್ದೆ ಬಿಡಿಸಿ ಹೇಳುವುದಿಲ್ಲ; ಹೇಳುವ ಅಧಿಕಾರ ಮೇಲಧಿಕಾರಿಯ ಕೈಯಲ್ಲಿದೆ. ಒಬ್ಬ ಕಮಾಂಡಿಂಗ್ ಆಫೀಸರ್ ಕಂಡೂ ಕಾಣದಂತೆ ಇರಬಹುದು, ಇನ್ನೊಬ್ಬ ಕೋರ್ಟ್ ಮಾರ್ಷಲ್‌ಗೆ ಒಪ್ಪಿಸಬಹುದು. ಜವಾನನೊಬ್ಬ ವಜಾ ಆದರೆ ಸಾಮಾನ್ಯವಾಗಿ ಪಿಂಚಣಿಯೂ ಹೋಗುತ್ತದೆ. ಹದಿನಾಲ್ಕು ಹದಿನೈದು ವರ್ಷ ಹಿಮದಲ್ಲಿ, ಮರಳಿನಲ್ಲಿ ದುಡಿದ ಮಗ ಬರಿಗೈಯಲ್ಲಿ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಏಕೆ ಬಂದೆ ಎಂದು ಕೇಳುವವರಿಗೆ ಅವನು ಏನು ಹೇಳಬೇಕು? ಕಾನೂನಿನ ಅಸ್ಪಷ್ಟತೆಯ ಬೆಲೆಯನ್ನು ಕೊನೆಗೆ ತೆರುವುದು ಇಂಥ ಮನೆಗಳು.

ಈ ಮಾತು ಬಂದ ದಾರಿ

46ನೇ ಕಲಮಿನ ಪದಗಳು ನಮ್ಮ ಸಂವಿಧಾನ ಸಭೆಯಲ್ಲಿ ಹುಟ್ಟಿದವಲ್ಲ. ಬ್ರಿಟನ್ನಿನ 1881ರ ಸೇನಾ ಕಾಯ್ದೆಯಲ್ಲಿ ಇದೇ ಮಾತುಗಳಿವೆ. 1911ರ ಭಾರತೀಯ ಸೇನಾ ಕಾಯ್ದೆಯ ಜಾಗಕ್ಕೆ 1950ರಲ್ಲಿ ಹೊಸ ಕಾಯ್ದೆ ಬಂದಾಗ ಆಳುವವರು ಬದಲಾಗಿದ್ದರು. ಈ ಸಾಲು ಬದಲಾಗಲಿಲ್ಲ.

ಈ ಇತಿಹಾಸಕ್ಕೆ ನಮ್ಮ ನೆಲದ ಒಂದು ಕೊಂಡಿಯಿದೆ. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರು ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಪರವಾಗಿ ದುಡಿದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಬಂದ ಹೆಸರು ಅದು. ಆ ಸೈನಿಕರ ತಾಯ್ನಾಡಿನಲ್ಲಿ ಕ್ರಾಂತಿಯ ನಂತರ, 1791ರಲ್ಲಿ ರೂಪಿಸಿದ ದಂಡ ಸಂಹಿತೆ ಗಂಡು-ಗಂಡಿನ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದಲೇ ಕೈಬಿಟ್ಟಿತು. ಮರುವರ್ಷ, 1792ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ನಾಡಿನಲ್ಲಿ ಅದಕ್ಕೆ ಇನ್ನೂ ಮರಣದಂಡನೆಯಿತ್ತು. 1799ರ ಮೇ 4ರಂದು ಕೋಟೆ ಬಿತ್ತು. ಗೆದ್ದವರ ಕಾನೂನು ಉಪಖಂಡವನ್ನು ಆಳಿತು. 1860ರಲ್ಲಿ ರೂಪುಗೊಂಡು 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 377ನೇ ಕಲಮು ಆ ದೃಷ್ಟಿಯ ಫಲ. ಸಲಿಂಗ ಒಲವು ಹೊರದೇಶದಿಂದ ಬಂದದ್ದು ಎಂದು ಹೇಳುವವರು ಗಮನಿಸಬೇಕಾದ ಸಂಗತಿ ಇದು: ಹೊರದೇಶದಿಂದ ಬಂದದ್ದು ಈ ಶಿಕ್ಷೆಯ ಕಲಮು. ಬ್ರಿಟನ್ ತನ್ನ 2006ರ ಸಶಸ್ತ್ರ ಪಡೆಗಳ ಕಾಯ್ದೆಯಲ್ಲಿ ಕ್ರೂರ, ಅಸಭ್ಯ ಎಂಬ ಎರಡನ್ನಷ್ಟೇ ಉಳಿಸಿಕೊಂಡು ‘ಅಸ್ವಾಭಾವಿಕ’ವನ್ನು ಬಿಟ್ಟುಬಿಟ್ಟಿತು. ನಾವು ಉಳಿಸಿಕೊಂಡಿದ್ದೇವೆ.

ನ್ಯಾಯಾಲಯಗಳ ಹಾದಿ

2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ಒಪ್ಪಿಗೆಯ ಖಾಸಗಿ ಸಂಬಂಧಕ್ಕೆ 377 ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ದಾರಿ ಮತ್ತೆ ತೆರೆದದ್ದು ಕನ್ನಡ ನಾಡಿನ ಹಿರಿಯರೊಬ್ಬರ ಹೆಸರಿನ ಮೊಕದ್ದಮೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ್ದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಲೈಂಗಿಕ ಒಲವು ಆ ಖಾಸಗಿತನದ ತಿರುಳಿಗೆ ಸೇರಿದ್ದು ಎಂದೂ ಹೇಳಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರ ಪೀಠ ಒಮ್ಮತದಿಂದ, ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. 377ರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಒಬ್ಬರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ.

ಸೇನೆಯ ಉತ್ತರ 2019ರ ಜನವರಿ 10ರಂದು ಬಂತು. ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ವಾರ್ಷಿಕ ಪತ್ರಿಕಾಗೋಷ್ಠಿಯಲ್ಲಿ, ಸೇನೆ ಸಂಪ್ರದಾಯಸ್ಥ ಸಂಸ್ಥೆ, ಇದನ್ನು ಒಳಗೆ ಬಿಡುವುದಿಲ್ಲ, ಸೇನಾ ಕಾಯ್ದೆಯ ಕಲಮುಗಳಡಿ ಕ್ರಮ ಮುಂದುವರಿಯುತ್ತದೆ ಎಂಬ ಅರ್ಥದ ಮಾತು ಹೇಳಿದರು. ಸೇನೆ ಕಾನೂನಿಗಿಂತ ಮೇಲಲ್ಲ ಎಂದೂ ಅವರೇ ಹೇಳಿದ್ದರು.

ಸೇನೆಯ ನಿಲುವಿಗೆ ಸಂವಿಧಾನದ 33ನೇ ವಿಧಿಯ ಬೆಂಬಲವಿದೆ ಎನ್ನುವವರಿದ್ದಾರೆ. ಸಶಸ್ತ್ರ ಪಡೆಗಳಲ್ಲಿರುವವರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ಸಲುವಾಗಿ ಮಿತಗೊಳಿಸುವ ಅಧಿಕಾರವನ್ನು ಆ ವಿಧಿ ಸಂಸತ್ತಿಗೆ ಕೊಟ್ಟಿರುವುದು ನಿಜ. ಸೇನಾ ಕಾಯ್ದೆಯ 21ನೇ ಕಲಮು ಅದನ್ನು ಬಳಸಿಯೇ ಸಂಘ ಕಟ್ಟುವುದು, ಸಭೆಗಳಲ್ಲಿ ಭಾಗವಹಿಸುವುದು, ಪತ್ರಿಕೆಗೆ ಹೇಳಿಕೆ ಕೊಡುವುದು ಇವುಗಳಿಗೆ ಕಡಿವಾಣ ಹಾಕಲು ಅವಕಾಶ ಕೊಟ್ಟಿದೆ. ಒಲವಿನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಸಂಸತ್ತು ಕಿತ್ತುಕೊಳ್ಳದ ಹಕ್ಕನ್ನು ಪತ್ರಿಕಾಗೋಷ್ಠಿಯ ಹೇಳಿಕೆ ಕಿತ್ತುಕೊಳ್ಳಲಾಗದು. ಸಲಿಂಗ ಒಲವು ಸಹಜ ಎಂದು ಸುಪ್ರೀಂ ಕೋರ್ಟೇ ಹೇಳಿದ ಮೇಲೆ ಅದನ್ನು ‘ಅಸ್ವಾಭಾವಿಕ’ ಎಂಬ ಪದದಡಿ ತರುವುದೂ ಕಷ್ಟ.

ಹಾಗೆಂದು ದಾರಿ ಸಲೀಸಾಗಿಲ್ಲ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ 497ನೇ ಕಲಮನ್ನು 2018ರ ಸೆಪ್ಟೆಂಬರ್‌ನಲ್ಲಿ ರದ್ದುಮಾಡಿದ ಸುಪ್ರೀಂ ಕೋರ್ಟ್, ಆ ತೀರ್ಪು ಸೇನಾ ಕಾಯ್ದೆಗಳ ಶಿಸ್ತುಕ್ರಮವನ್ನು ತಡೆಯದು ಎಂದು 2023ರ ಜನವರಿ 31ರಂದು ಸ್ಪಷ್ಟಪಡಿಸಿತು. ಸಲಿಂಗ ಸಂಬಂಧಕ್ಕೂ ಇದೇ ತರ್ಕ ಹೂಡಲು ಸರ್ಕಾರ ಮುಂದಾಗಬಹುದು. ಆದರೆ ಎರಡೂ ಒಂದೇ ಅಲ್ಲ. ಸಹ ಸೈನಿಕನ ದಾಂಪತ್ಯಕ್ಕೆ ಕೈಹಾಕುವುದು ಇನ್ನೊಬ್ಬನಿಗೆ ಮಾಡಿದ ದ್ರೋಹ. ಇಬ್ಬರು ವಯಸ್ಕರು ಒಪ್ಪಿ ಪ್ರೀತಿಸಿದರೆ ದ್ರೋಹಕ್ಕೆ ಒಳಗಾದವರು ಯಾರು?

ಸಮವಸ್ತ್ರದ ಇತರ ಸೇವೆಗಳಲ್ಲಿ ನೋವಿನ ಹಳೆಯ ದಾಖಲೆಯೂ ಇದೆ, ಹೊಸ ಭರವಸೆಯೂ ಇದೆ. ಭೋಪಾಲದ ವಿಶೇಷ ಸಶಸ್ತ್ರ ಪಡೆಯ 23ನೇ ಬೆಟಾಲಿಯನ್ನಿನ ಇಬ್ಬರು ಮಹಿಳಾ ಪೇದೆಗಳು 1987ರ ಕೊನೆಯಲ್ಲಿ ಒಬ್ಬರನ್ನೊಬ್ಬರು ಮದುವೆಯಾದರೆಂದು ಕೆಲಸ ಕಳೆದುಕೊಂಡರು. 2021ರ ಫೆಬ್ರವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಲೈಂಗಿಕ ಒಲವಿನ ಕಾರಣಕ್ಕೆ ಹೋಮ್‌ಗಾರ್ಡ್ ಒಬ್ಬರನ್ನು ತೆಗೆದುಹಾಕಿದ ಆದೇಶವನ್ನು ರದ್ದುಮಾಡಿ ಅವರನ್ನು ಮತ್ತೆ ಸೇವೆಗೆ ತೆಗೆದುಕೊಳ್ಳಲು ಹೇಳಿತು. ಅದೇ ವರ್ಷ ಕರ್ನಾಟಕ ಸರ್ಕಾರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿತು; ರಾಜ್ಯದ ಮೀಸಲು ಪೊಲೀಸ್ ಪಡೆಯೂ ಅವರಿಂದ ಅರ್ಜಿ ಕರೆಯಿತು. ಲಿಂಗತ್ವದ ಪ್ರಶ್ನೆ ಲೈಂಗಿಕ ಒಲವಿನ ಪ್ರಶ್ನೆಗಿಂತ ಬೇರೆಯದು ನಿಜ. ಆದರೂ ಖಾಕಿ ತೊಟ್ಟ ಪಡೆಯೊಂದು ಬಾಗಿಲು ತೆರೆಯಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ.

‘ಹಳ್ಳಿ ಹುಡುಗರು ಒಪ್ಪುವುದಿಲ್ಲ’

ಸೇನೆಯ ಹೆಣ್ಣುಮಕ್ಕಳು ಕಾಯಂ ಸೇವೆಗಾಗಿ ಹೋರಾಡಿದಾಗ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಲಿಖಿತವಾಗಿ ಒಂದು ವಾದ ಕೊಟ್ಟಿತ್ತು: ಜವಾನರು ಬಹುಪಾಲು ಗ್ರಾಮೀಣ ಹಿನ್ನೆಲೆಯ ಗಂಡಸರು, ಹೆಣ್ಣಿನ ಅಧಿಪತ್ಯವನ್ನು ಒಪ್ಪುವ ಮನಃಸ್ಥಿತಿ ಅವರಿಗೆ ಇನ್ನೂ ಬಂದಿಲ್ಲ. 2020ರ ಫೆಬ್ರವರಿ 17ರಂದು ಬಬಿತಾ ಪೂನಿಯಾ ಪ್ರಕರಣದಲ್ಲಿ ನ್ಯಾಯಾಲಯ ಈ ವಾದವನ್ನು ಪೂರ್ವಗ್ರಹವೆಂದು ತಳ್ಳಿಹಾಕಿತು. ಸಲಿಂಗಿಗಳ ವಿಷಯದಲ್ಲಿ ಕೇಳಿಬರುವ ‘ಸಂಪ್ರದಾಯಸ್ಥ ಸೇನೆ’ಯ ಮಾತೂ ಇದೇ ಗುಂಪಿಗೆ ಸೇರಿದ್ದು. ತಪ್ಪನ್ನು ತಿದ್ದಬೇಕಾದವರು ಅದರ ಹೊರೆಯನ್ನು ನಮ್ಮ ಕಿಕ್ಕೇರಿ, ಬೆಳ್ಳೂರು, ಚಿನಕುರಳಿಯ ಹುಡುಗರ ತಲೆಗೆ ಕಟ್ಟುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಈ ವಿಷಯಕ್ಕೆ ಹಗೆತನ ಇಲ್ಲವೆಂದು ಹೇಳುತ್ತಿಲ್ಲ. ಇದೆ. ‘ಚಕ್ಕ’ ಎಂಬ ಬೈಗುಳ ಶಾಲೆಯ ಅಂಗಳದಲ್ಲೇ ಕೇಳುತ್ತದೆ. ಅದಕ್ಕಿಂತ ಬಲವಾದದ್ದು ಮದುವೆಯ ಒತ್ತಡ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಗಂಡುಗಳು ಸಾವಿರಗಟ್ಟಲೆ ಬಂದರೆ ಹೆಣ್ಣುಗಳು ಕೆಲವು ನೂರರಷ್ಟು. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಮಂಡ್ಯದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬೇಸಾಯದ ಹುಡುಗನಿಗೆ ಹೆಣ್ಣು ಸಿಗದ ಈ ಕಾಲದಲ್ಲಿ ‘ಮಿಲ್ಟ್ರಿಲವ್ನೆ’ ಎಂದರೆ ಸಂಬಂಧಗಳು ಹುಡುಕಿಕೊಂಡು ಬರುತ್ತವೆ. ವರ್ಷದ ಅರವತ್ತು ದಿನದ ರಜೆಯಲ್ಲಿ ಬಂದವನಿಗೆ ಹೆಣ್ಣು ತೋರಿಸುವುದು, ಒಪ್ಪಿಸುವುದು, ಲಗ್ನ ಕಟ್ಟುವುದು ಎಲ್ಲ ಮುಗಿದುಹೋಗುತ್ತದೆ. ಅವನ ಮನಸ್ಸು ಬೇರೆ ಕಡೆ ಇದೆಯೇ ಎಂದು ಕೇಳುವ ಪದ್ಧತಿಯಿಲ್ಲ. ಅವನು ರಜೆ ಮುಗಿಸಿ ಹೊರಡುತ್ತಾನೆ. ಏನೂ ಅರಿಯದ ಹೆಣ್ಣುಮಗಳೊಬ್ಬಳು ಅತ್ತೆಮನೆಯಲ್ಲಿ ಉಳಿಯುತ್ತಾಳೆ. ಬ್ಯಾರಕ್ಕಿನ ಭಯವೂ ಊರಿನ ಒತ್ತಡವೂ ಸೇರಿ ಕೆಡಿಸುವುದು ಎರಡು ಬಾಳುಗಳನ್ನು.

ಇಬ್ಬರ ಕಡೆಗೂ ಒಲವಿರುವವರ ಪಾಡು ಇನ್ನೂ ಮರೆಯಲ್ಲಿದೆ. ಮದುವೆಯಾಗಿ ಮಕ್ಕಳಿದ್ದಾರೆಂದರೆ ‘ಸರಿಹೋದ’ ಎಂದು ಲೋಕ ಲೆಕ್ಕಹಾಕುತ್ತದೆ. ಹಳೆಯ ಪತ್ರವೋ ಫೋನಿನ ಚಿತ್ರವೋ ಯಾರ ಕೈಗಾದರೂ ಸಿಕ್ಕರೆ ಅವರ ಸೇವೆಯೂ ಸಂಸಾರವೂ ಒಟ್ಟಿಗೆ ಅಪಾಯಕ್ಕೆ ಬೀಳುತ್ತವೆ. ಹೆಣ್ಣನ್ನು ಒಲಿಯುವ ಹೆಣ್ಣಿಗಂತೂ ಸೇನೆಯಲ್ಲಿ ಹೆಣ್ಣಾಗಿ ನಿಲ್ಲುವ ಹೋರಾಟವೇ ಮೊದಲು. ಒಲವಿನ ಮಾತು ಆಡುವ ಧೈರ್ಯ ಅದರ ನಂತರದ್ದು.

ಆದರೆ ಹಳ್ಳಿ ನಿಂತಲ್ಲೇ ನಿಂತಿಲ್ಲ. ಮಹಿಳಾ ಸಬ್ ಇನ್ಸ್‌ಪೆಕ್ಟರನ್ನು ‘ಮೇಡಂ’ ಎಂದು ಕರೆದು ಮಾತು ಕೇಳಲು ನಮ್ಮ ಹೋಬಳಿಗಳು ಕಲಿತಿವೆ. 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ ಕತೆಗಳ ಮೂಲಕ ಕನ್ನಡದ ಓದುಗ ಸಲಿಂಗಿಯ ಬದುಕನ್ನು ಹತ್ತಿರದಿಂದ ಕಂಡ. ಬ್ಯಾರಕ್ಕಿನಲ್ಲಿ ಜಾತಿ, ಭಾಷೆ, ಊಟದ ಭೇದ ಮರೆತು ಒಂದೇ ತಟ್ಟೆಯ ಸಾಲಿನಲ್ಲಿ ಕೂರಲು ಕಲಿತ ಹುಡುಗನಿಗೆ ಇದೊಂದು ಕಲಿಯಲು ಆಗುವುದಿಲ್ಲ ಎನ್ನುವುದು ಅವನಿಗೆ ಮಾಡುವ ಅವಮಾನ. ಸೈನ್ಯದ ಶಿಕ್ಷಣವೆಲ್ಲ ನಿಂತಿರುವುದೇ ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯ ಮೇಲೆ.

ಸೇನೆಯ ಒಳಗಿನಿಂದ ಬಂದ ದನಿಯೊಂದನ್ನು ಇಲ್ಲಿ ನೆನೆಯಬೇಕು. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿ ಹೊರಬಂದ ಮೇಜರ್ ಜೆ. ಸುರೇಶ್, ತಾವು ಸಲಿಂಗಿ ಎಂದು 2020ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅವರ ಬದುಕಿನಿಂದ ಪ್ರೇರಿತವಾದ ಪಾತ್ರವನ್ನಿಟ್ಟು ಸಿನಿಮಾ ಮಾಡಲು ಹೊರಟ ನಿರ್ದೇಶಕ ಓನಿರ್ ಅವರ ಚಿತ್ರಕಥೆಗೆ ರಕ್ಷಣಾ ಸಚಿವಾಲಯ 2022ರಲ್ಲಿ ಒಪ್ಪಿಗೆ ಕೊಡಲಿಲ್ಲ. ಕಾಶ್ಮೀರದಲ್ಲಿ ಸೈನಿಕನಿಗೂ ಸ್ಥಳೀಯ ಯುವಕನಿಗೂ ಪ್ರೇಮವಿದ್ದಂತೆ ತೋರಿಸುವುದು ಸೇನೆಯ ಹೆಸರಿಗೆ ಕುಂದು, ಭದ್ರತೆಗೂ ತೊಡಕು ಎಂದು ಸರ್ಕಾರ ಲೋಕಸಭೆಯಲ್ಲಿ ಕಾರಣ ಕೊಟ್ಟಿತು. ಕತೆಯಲ್ಲೂ ಇರಕೂಡದವನು ದಳದಲ್ಲಿ ತಲೆಯೆತ್ತಿ ಹೇಗಿದ್ದಾನು?

ಹೊರಗಿನ ಸೈನ್ಯಗಳು ಕಂಡದ್ದು

ನೆದರ್ಲೆಂಡ್ಸ್ 1974ರಲ್ಲಿ, ಕೆನಡಾ ಮತ್ತು ಆಸ್ಟ್ರೇಲಿಯಾ 1992ರಲ್ಲಿ ನಿಷೇಧ ತೆಗೆದವು. ಸದಾ ಯುದ್ಧದ ಅಂಚಿನಲ್ಲಿರುವ ಇಸ್ರೇಲ್ 1993ರಲ್ಲಿ ಭೇದವನ್ನು ಕೈಬಿಟ್ಟಿತು. ಅಮೆರಿಕ ಅದೇ ಕಾಲದಲ್ಲಿ, ಅಧಿಕಾರಿ ಕೇಳಬಾರದು, ಸೈನಿಕ ಹೇಳಬಾರದು ಎಂಬ ನಡುದಾರಿ ಹಿಡಿಯಿತು. ಆ ಬಾಯಿಮುಚ್ಚಿಸುವ ನೀತಿ 13 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇವೆಯಿಂದ ಹೊರಹಾಕಿತು. 2010ರಲ್ಲಿ ಪೆಂಟಗನ್ ತನ್ನ ಸೈನಿಕರನ್ನೇ ಕೇಳಿದಾಗ, ಸುಮಾರು ಶೇ 70ರಷ್ಟು ಮಂದಿ ನಿಷೇಧ ತೆಗೆದರೆ ಪರಿಣಾಮ ಒಳ್ಳೆಯದು, ಮಿಶ್ರ ಅಥವಾ ಏನೂ ಇಲ್ಲ ಎಂದರು. 2011ರ ಸೆಪ್ಟೆಂಬರ್ 20ರಂದು ಆ ನೀತಿ ಕೊನೆಯಾಯಿತು. ಅಲ್ಲಿನ ಸೈನ್ಯ ಅದರಿಂದ ಒಡೆದುಹೋಗಲಿಲ್ಲ.

ನಮಗೆ ಹೆಚ್ಚು ಪಾಠವಿರುವುದು ಬ್ರಿಟನ್ನಿನಲ್ಲಿ, ಕಾಯ್ದೆಯ ಮೂಲ ಅಲ್ಲಿಯದೇ ಆದ್ದರಿಂದ. ಸೈನಿಕರು ಒಪ್ಪುವುದಿಲ್ಲ ಎಂಬ ಸಮೀಕ್ಷೆಯನ್ನೇ 1996ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಮುಂದಿಟ್ಟಿತ್ತು. ಬಹುಸಂಖ್ಯಾತರ ಪೂರ್ವಗ್ರಹ ಅಲ್ಪಸಂಖ್ಯಾತರನ್ನು ಹೊರಹಾಕಲು ಕಾರಣವಾಗದು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರ ಸೆಪ್ಟೆಂಬರ್ 27ರಂದು ತೀರ್ಪು ಕೊಟ್ಟಿತು. 2000ದ ಜನವರಿ 12ರಂದು ನಿಷೇಧ ಹೋಯಿತು. 2023ರ ಜುಲೈ 19ರಂದು ಅಲ್ಲಿನ ಪ್ರಧಾನಿ ಪಾರ್ಲಿಮೆಂಟಿನಲ್ಲಿ ನಿಂತು ಹಳೆಯ ಸೈನಿಕರ ಕ್ಷಮೆ ಕೇಳಿದರು. ಆಮೇಲೆ ಪರಿಹಾರವೂ ಘೋಷಣೆಯಾಯಿತು.

ಇದು ಪಶ್ಚಿಮದ ಮಾತಷ್ಟೇ ಅಲ್ಲ. ತೈವಾನಿನಲ್ಲಿ 2020ರ ಅಕ್ಟೋಬರ್ 30ರಂದು ಸೇನೆಯೇ ನಡೆಸಿದ ಸಾಮೂಹಿಕ ವಿವಾಹದಲ್ಲಿ ಎರಡು ಸಲಿಂಗ ಜೋಡಿಗಳೂ ಮದುವೆಯಾದವು. ದಕ್ಷಿಣ ಕೊರಿಯಾ ಇನ್ನೂ ತೊಳಲಾಡುತ್ತಿದೆ. ಕರ್ತವ್ಯದ ಹೊತ್ತಲ್ಲದಾಗ, ನೆಲೆಯ ಹೊರಗೆ, ಒಪ್ಪಿ ಕೂಡಿದ ಇಬ್ಬರು ಸೈನಿಕರ ಶಿಕ್ಷೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ರದ್ದುಮಾಡಿತು. 2023ರ ಅಕ್ಟೋಬರ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದೇ ಕಲಮನ್ನು ಎತ್ತಿಹಿಡಿಯಿತು.

ಆಕ್ಷೇಪಗಳು

ಮೊದಲನೆಯದು, ಬಂಕರು-ಬ್ಯಾರಕ್ಕಿನ ಇಕ್ಕಟ್ಟು. ಒಟ್ಟಿಗೆ ಮಲಗಿ ಸ್ನಾನ ಮಾಡಿ ಬದುಕುವ ಕಡೆ ಮುಜುಗರವಾಗದೇ ಎಂಬ ಪ್ರಶ್ನೆ ಹಗುರವಾದುದಲ್ಲ. ಆದರೆ ಸಲಿಂಗಿಗಳು ಅಲ್ಲಿ ಈಗಾಗಲೇ ಇದ್ದಾರೆ, ಎಂದಿನಿಂದಲೂ ಇದ್ದರು. ಬದಲಾಗುವುದು ಅವರ ಇರುವಿಕೆ ಅಲ್ಲ, ಅವರ ಭಯ. ಎರಡನೆಯದು, ಶತ್ರು ಬೆದರಿಸಿ ಗುಟ್ಟು ಕಸಿದಾನು ಎಂಬುದು. ಬೆದರಿಕೆಗೆ ಬಲ ಬರುವುದೇ ಗುಟ್ಟಿನಿಂದ; ನಿಷೇಧ ಹೋದರೆ ಬೆದರಿಸುವವನ ಕೈ ಬರಿದಾಗುತ್ತದೆ. ಮೂರನೆಯದು ಅತ್ಯಂತ ಗಂಭೀರ: ಮೇಲಧಿಕಾರಿ ಕೆಳಗಿನವನನ್ನು ಬಳಸಿಕೊಂಡರೆ? ಅದು ಗಂಡು-ಹೆಣ್ಣಿನ ನಡುವೆ ನಡೆದರೂ ಗಂಡು-ಗಂಡಿನ ನಡುವೆ ನಡೆದರೂ ಅಪರಾಧವೇ, ಕಠಿಣ ಶಿಕ್ಷೆಗೆ ಅರ್ಹವೇ.

ಇಲ್ಲೊಂದು ಎಚ್ಚರವೂ ಬೇಕು. 377 ಹೋಗಿ ಹೊಸ ನ್ಯಾಯ ಸಂಹಿತೆ ಬಂದ ಮೇಲೆ, ಗಂಡಸಿನ ಮೇಲಿನ ಅತ್ಯಾಚಾರವನ್ನು ನೇರವಾಗಿ ಶಿಕ್ಷಿಸುವ ಕಲಮು ನಾಗರಿಕ ಕಾನೂನಿನಲ್ಲಿ ಉಳಿದಿಲ್ಲ. ಬಲಾತ್ಕಾರಕ್ಕೆ ಸಿಕ್ಕ ಜವಾನನಿಗೆ ಸೇನಾ ಕಾಯ್ದೆಯ 46ನೇ ಕಲಮೇ ಈಗ ಮುಖ್ಯ ಆಸರೆ. ಆದ್ದರಿಂದ ಅದನ್ನು ಸುಮ್ಮನೆ ಅಳಿಸಿದರೆ ಸಾಲದು, ಒಪ್ಪಿಗೆಯ ನೆಲೆಯ ಮೇಲೆ ತಿದ್ದಿ ಬರೆಯಬೇಕು.

ಆಗಬೇಕಾದ್ದು

ಸಂಸತ್ತು ಭೂಸೇನೆ ಮತ್ತು ವಾಯುಪಡೆಯ ಕಾಯ್ದೆಗಳಲ್ಲಿ ‘ಅಸ್ವಾಭಾವಿಕ’ ಎಂಬುದನ್ನು ಕೈಬಿಟ್ಟು, ಮೂರೂ ಪಡೆಗಳ ಕಾಯ್ದೆಗಳಲ್ಲಿ ಒಪ್ಪಿಗೆಯಿಲ್ಲದ ಲೈಂಗಿಕ ಕೃತ್ಯ ಮತ್ತು ಅಧಿಕಾರದ ದುರ್ಬಳಕೆಯನ್ನು ಲಿಂಗಭೇದವಿಲ್ಲದೆ ಅಪರಾಧವೆಂದು ಬರೆಯಬೇಕು. ಅದಾಗುವವರೆಗೆ, ಒಲವಿನ ಕಾರಣಕ್ಕಷ್ಟೇ ಯಾರ ಮೇಲೂ ಕ್ರಮ ಬೇಡ ಎಂಬ ಲಿಖಿತ ಆದೇಶವನ್ನು ರಕ್ಷಣಾ ಸಚಿವಾಲಯ ಹೊರಡಿಸಬೇಕು. ಇದೇ ಕಾರಣಕ್ಕೆ ಹಿಂದೆ ವಜಾ ಆದವರ ಪ್ರಕರಣಗಳನ್ನು ಮರುಪರಿಶೀಲಿಸಿ ಪಿಂಚಣಿ ಮರಳಿಸಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿದ್ದರಿಂದ ಕ್ವಾರ್ಟರ್ಸ್, ಕುಟುಂಬ ಪಿಂಚಣಿಯಂಥ ಪ್ರಶ್ನೆಗಳು ಬೇಗ ಬಗೆಹರಿಯಲಾರವು. ಶಿಕ್ಷೆಯ ಭಯ ತೆಗೆಯಲು ಅದಕ್ಕಾಗಿ ಕಾಯಬೇಕಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಈ ನಾಲ್ಕು ತಾಲ್ಲೂಕಿನ ಮಾಜಿ ಸೈನಿಕರ ಸಂಘಗಳು, ಸೇನಾ ಭರ್ತಿಗೆ ತರಬೇತಿ ಕೊಡುವವರು, ಕಾಲೇಜಿನ ಎನ್‌ಸಿಸಿ ಮೇಷ್ಟ್ರುಗಳು ಈ ಮಾತನ್ನು ಹುಡುಗರ ಮುಂದೆ ನೇರವಾಗಿ ಆಡಬೇಕು. ರಜೆಗೆ ಬಂದ ಮಗ ಮದುವೆ ಬೇಡವೆಂದರೆ ತಂದೆತಾಯಿ ಕಾರಣ ಕೇಳುವ ಮೊದಲು ಅವನ ಮಾತಿಗೆ ಬೆಲೆ ಕೊಡಬೇಕು. ಮುಂದಿನ ಸಲ ಯಾರಾದರೂ ‘ಹಳ್ಳಿಯವರು ಒಪ್ಪುವುದಿಲ್ಲ’ ಎಂದಾಗ, ನಮ್ಮನ್ನು ಕೇಳಿದಿರಾ ಎಂದು ಹಳ್ಳಿಯವರಾದ ನಾವೇ ಎದ್ದು ಕೇಳಬೇಕು. ದೇಶಕ್ಕೆ ಪ್ರಾಣ ಕೊಡಲು ಹೊರಟ ಮಗ ಯಾರನ್ನು ಪ್ರೀತಿಸುತ್ತಾನೆ ಎಂಬುದು ಅವನ ಶೌರ್ಯದ ಅಳತೆಗೋಲಲ್ಲ. ಹಾಗೆಂದು ಗಟ್ಟಿಯಾಗಿ ಹೇಳುವ ಮೊದಲ ದನಿ ನಮ್ಮ ಮಂಡ್ಯದ್ದೇ ಆಗಲಿ.